ಮೀಟರ್ ಮನೆಯ ಸಕ್ಕರೆ

ಹಾಲಿನ ಡೈರಿಯಲ್ಲಿ ಪರೀಕ್ಷೆ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಕೆಲಸಕ್ಕೆ ಬರುತ್ತಿರಲಿಲ್ಲ. ಊರಿಗೆಲ್ಲ ಅವನು ಮೀಟರ್. ಬೆಳಿಗ್ಗೆ ಕ್ಯಾನು ಹೊತ್ತು ಬಂದವರ ಹಾಲಿಗೆ ಗಾಜಿನ ಮೀಟರ್ ಬಿಟ್ಟು, ಅದು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕುತ್ತಿಗೆ ಬಗ್ಗಿಸಿ ನೋಡುವುದು ಅವನ ಕೆಲಸ. ಗಟ್ಟಿ ಹಾಲಿನಲ್ಲಿ ಮೀಟರ್ ತಲೆ ಎತ್ತಿ ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಹಾಲು ತಂದವರು ಆ ಹೊತ್ತಿನಲ್ಲಿ ಮೀಟರ್ ನೋಡುತ್ತಿರಲಿಲ್ಲ, ಅವನ ಹುಬ್ಬು ನೋಡುತ್ತಿದ್ದರು. ಹುಬ್ಬು ಮೇಲೇರಿತೆಂದರೆ ಕ್ಯಾನು ವಾಪಸ್.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾವು ನೀವು ಬಾಯಲ್ಲಿ ಆಡುತ್ತೇವೆ, ಅವನು ಅದರಲ್ಲೇ ಹೊಟ್ಟೆ ಹೊರೆದವನು. ಹೊರೆಯುತ್ತ ಹೊರೆಯುತ್ತ ಅನುಮಾನವೆಂಬುದು ಸಂಜೆ ಡೈರಿಯಲ್ಲಿ ತೊಳೆದಿಟ್ಟು ಬರುವ ಸಾಮಾನಾಗಿ ಉಳಿಯಲಿಲ್ಲ, ಅವನ ಜೊತೆ ಮನೆಗೂ ಬಂತು. ತರಕಾರಿಯವನ ತಕ್ಕಡಿಯ ತಳಕ್ಕೆ ಕೈ ಹಾಕಿ ತಡವುತ್ತಿದ್ದ. ಯಾರಾದರೂ ನಗುನಗುತ್ತ ಮಾತಾಡಿಸಿದರೆ, ಇವನಿಗೆ ನನ್ನಿಂದ ಏನೋ ಆಗಬೇಕಿದೆ ಎಂದು ಲೆಕ್ಕ ಹಾಕುತ್ತಿದ್ದ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ಕಂಡಿದ್ದೇವೆ. ಇವನು ಕಲ್ಲು ಸಿಗದಿದ್ದರೆ, ಸಿಗದ ಹಾಗೆ ತೆಗೆದಿಟ್ಟವರು ಯಾರು ಎಂದು ಹುಡುಕುವ ಜಾತಿಯವನು.

ಇದು ಹೆಂಡತಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಅಳಿಯ ಬಂದನೆಂದು ಅತ್ತೆ ತಂಬಿಗೆ ತುಂಬ ಹಾಲು ತಂದಿಟ್ಟರೆ, ಈ ಪುಣ್ಯಾತ್ಮ ಚೀಲದಿಂದ ಮೀಟರ್ ತೆಗೆದು ಅದರಲ್ಲಿ ಬಿಟ್ಟ. ಮೀಟರ್ ಮುಳುಗಿತು. ಅತ್ತೆ ಆಮೇಲೆ ಬದುಕಿರುವ ತನಕ ಅಳಿಯನಿಗೆ ಬರೀ ನೀರು ಕೊಟ್ಟರು, ನೀರಿಗೆ ನೀರು ಬೆರೆಸಿದ್ದೀರಿ ಅಂತ ಯಾರೂ ಹೇಳಲಾರರಲ್ಲ ಎಂದು.

ಒಮ್ಮೆ ಹೆಂಡತಿ ತಲೆ ಸುತ್ತಿ ಬಿದ್ದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಇವನು ಔಷಧದ ಅಂಗಡಿಗೆ ಹೋಗಿ, ನಿಮಗೂ ಡಾಕ್ಟರಿಗೂ ಏನು ಒಳಒಪ್ಪಂದ ಎಂದು ಜನ ಸೇರುವಂತೆ ಜಗಳ ತೆಗೆದ. ಮನೆಗೆ ಬಂದು, ನಿನಗೆ ಏನೂ ಆಗಿಲ್ಲ, ಸರಿಯಾಗಿ ಉಂಡರೆ ಸಾಕು ಎಂದು ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿದ. ಅವಳು ಏನೂ ಅನ್ನದಿದ್ದಾಗಲೆಲ್ಲ ಅವನು ತಾನೇ ಗೆದ್ದೆ ಎಂದುಕೊಳ್ಳುತ್ತಿದ್ದ.

ಅಡುಗೆಮನೆಯ ಗಾಜಿನ ಭರಣಿಗಳ ಮೇಲೆಲ್ಲ ಅವನು ಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದ. ತಿಂಗಳ ಕೊನೆಗೆ ಸಾಮಾನು ಆ ಗೆರೆಯಿಂದ ಕೆಳಗೆ ಇಳಿದಿರಬಾರದು. ಇಳಿದರೆ ಪಕ್ಕದ ಮನೆಯವರೋ ಹೆಂಡತಿಯ ತವರಿನವರೋ, ಯಾರೋ ಒಬ್ಬರು ಕಳ್ಳರು. ಸಕ್ಕರೆಯ ಭರಣಿಯಂತೂ ಕೆಲವು ವರ್ಷಗಳಿಂದ ಒಮ್ಮೆಯೂ ಗೆರೆ ಮುಟ್ಟಿರಲಿಲ್ಲ. ಕಾವಲು ಸರಿಯಾಗಿದ್ದರೆ ಮನೆ ಹೇಗೆ ನಡೆಯುತ್ತದೆ ನೋಡಿ ಎಂದು ಡೈರಿಯಲ್ಲಿ ಆ ಭರಣಿಯ ಕಥೆ ಹೇಳುತ್ತಿದ್ದ.

ಹೀಗಿರುವಾಗ ಲೋಕಕ್ಕೆಲ್ಲ ಆ ಕಾಯಿಲೆ ಬಂತು. ಬೀದಿ ಬಣಗುಟ್ಟಿತು. ಅಂಗಡಿಗಳು ಅರ್ಧ ಬಾಗಿಲು ತೆಗೆದು, ಇಷ್ಟೇ ಇರೋದು ಅನ್ನತೊಡಗಿದವು. ಸಕ್ಕರೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಡೈರಿ ಮಾತ್ರ ಮುಚ್ಚಲಿಲ್ಲ, ಹಸುಗಳಿಗೆ ರಜೆ ಗೊತ್ತಿಲ್ಲವಲ್ಲ. ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬರತೊಡಗಿದ್ದು ಅವನಿಗೆ ಭಾರಿ ಕಸಿವಿಸಿಯಾಯಿತು. ಕಳ್ಳನೂ ಸಾಚಾನೂ ಒಂದೇ ಥರ ಕಂಡರೆ ಇನ್ನು ಮುಖ ನೋಡಿ ಹಾಲು ಅಳೆಯುವುದು ಹೇಗೆ?

ಆಮೇಲೆ ಲಸಿಕೆ ಬಂತು. ಆಟೋ ಒಂದಕ್ಕೆ ಮೈಕ್ ಕಟ್ಟಿ ಬೀದಿಬೀದಿಯಲ್ಲಿ ಕೂಗಿಸಿದರು: ಸದ್ಯಕ್ಕೆ ಅರವತ್ತು ದಾಟಿದವರಿಗೆ ಮಾತ್ರ, ಅದಕ್ಕಿಂತ ಚಿಕ್ಕವರಾದರೆ ಬೇರೆ ದೊಡ್ಡ ಕಾಯಿಲೆ ಇದ್ದವರಿಗೆ ಮಾತ್ರ. ಗಂಡ ಹೆಂಡತಿ ಇಬ್ಬರಿಗೂ ಅರವತ್ತಾಗಿರಲಿಲ್ಲ. ಮೀಟರಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಒಂದೇ ಬಾಟಲಿಯಿಂದ ಹತ್ತು ಜನಕ್ಕೆ ಚುಚ್ಚುತ್ತಾರೆ ಎಂದು ಕೇಳಿದಾಗ, ಒಂದು ಕ್ಯಾನು ಹಾಲನ್ನು ಎರಡು ಕ್ಯಾನು ಮಾಡುವವರನ್ನು ನೋಡಿಯೇ ನನ್ನ ಕೂದಲು ಬೆಳ್ಳಗಾಗಿದ್ದು, ನನಗೆ ಹೇಳಬೇಡಿ ಎಂದ. ಅದೂ ಅಲ್ಲದೆ ಆರೋಗ್ಯ ಕೇಂದ್ರದಲ್ಲಿ ಸೂಜಿ ಚುಚ್ಚುವ ಸಿಸ್ಟರ್ ಬೇರೆ ಯಾರೂ ಅಲ್ಲ, ಅವನು ಹಲವು ಸಲ ಕ್ಯಾನು ವಾಪಸ್ ಕಳಿಸಿದ್ದ ಮನೆಯೊಂದರ ಸೊಸೆ. ಅತ್ತೆ ಹಾಲಿಗೆ ನೀರು ಬೆರೆಸಿದರೆ ಸೊಸೆ ಲಸಿಕೆಯನ್ನು ಬಿಟ್ಟಾಳೆಯೇ ಎಂಬುದು ಅವನ ವಾದ.

ಒಂದು ಮಧ್ಯಾಹ್ನ ಅವನು ಡೈರಿಯಿಂದ ಬಂದು ಹೊಸಲಿನ ಹೊರಗೆ ಚಪ್ಪಲಿ ಬಿಡುತ್ತಿದ್ದ. ಹೆಂಡತಿ ಅಡುಗೆಮನೆಯಲ್ಲಿ ಆ ಕಡೆ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದಳು.

“ಸಕ್ಕರೆ ಮುನ್ನೂರರ ಮೇಲೇ ಇದೆ ಸಿಸ್ಟರ್. ಕಮ್ಮಿ ಮಾಡ್ಕೊಂಡು ಬರ್ಲಾ, ಹಾಗೇ ಬರ್ಲಾ?” ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ಸರಿ, ಶುಕ್ರವಾರ ಹಾಗೇ ಬರ್ತೀನಿ. ಇವರಿಗೆ ಮಾತ್ರ ಗೊತ್ತಾಗೋದು ಬೇಡ.”

ಸಕ್ಕರೆ ಅಂದರೆ ಕಾಯಿಲೆ ಎಂದು ನಿಮಗೆ ಥಟ್ಟನೆ ಹೊಳೆಯಿತು. ಇನ್ಯಾರ ಮನೆಯ ಮಾತಾಗಿದ್ದರೆ ಅವನಿಗೂ ಹೊಳೆಯುತ್ತಿತ್ತು. ಆದರೆ ತನ್ನ ಮನೆಯೊಳಗೆ ತನ್ನ ಕಣ್ಣು ತಪ್ಪಿಸಿ ಕಾಯಿಲೆಯೊಂದು ಬಂದು ಸೇರಿಕೊಳ್ಳುವುದು ಅವನ ಎಣಿಕೆಯಲ್ಲೇ ಇರಲಿಲ್ಲ. ಅವನಿಗೆ ಕೇಳಿಸಿದ್ದು ಇಷ್ಟು: ಮುನ್ನೂರು ಗ್ರಾಂ ಸಕ್ಕರೆ, ಸಿಸ್ಟರು, ಶುಕ್ರವಾರ, ಇವರಿಗೆ ಗೊತ್ತಾಗೋದು ಬೇಡ. ಅಂದರೆ ಹೆಂಡತಿ ಸಕ್ಕರೆ ಕೊಟ್ಟು ಸರದಿ ತಪ್ಪಿಸಿ ಲಸಿಕೆ ಹಾಕಿಸಿಕೊಳ್ಳುತ್ತಿದ್ದಾಳೆ. ಅವನು ಬೆಕ್ಕಿನ ಹೆಜ್ಜೆಯಿಟ್ಟು ಹಿಂದಕ್ಕೆ ಹೋಗಿ, ಈಗ ತಾನೇ ಬಂದವನಂತೆ ಕೆಮ್ಮಿ ಒಳಗೆ ಬಂದ.

ಅವಳು ಬಟ್ಟೆ ಒಣಹಾಕಲು ಹೋದಾಗ ಭರಣಿ ನೋಡಿದ. ಸಕ್ಕರೆ ಗೆರೆಗಿಂತ ಮೇಲೆಯೇ ಇತ್ತು. ಹಾಗಾದರೆ ಬೇರೆ ಕಡೆ ಕೂಡಿಟ್ಟಿದ್ದಾಳೆ ಎಂದು ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿದ, ಟ್ರಂಕಿನ ಹಿಂದೆ ಬಗ್ಗಿ ನೋಡಿದ. ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದು ಅವನ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು.

ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳುವುದು ಅವನ ಕ್ರಮವಲ್ಲ, ಕ್ಯಾನು ತಂದವರನ್ನು ನೀರು ಹಾಕಿದ್ದೀರಾ ಎಂದು ಯಾರಾದರೂ ಕೇಳುತ್ತಾರೆಯೇ? ಅವನು ಮೀಟರ್ ಬಿಟ್ಟು ನೋಡುವವನು. ಸಂಜೆ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕು ಎಂದು ಅವಳ ಮುಖ ನೋಡಿದ. ಅವಳು ಹಾಕಿಕೊಟ್ಟಳು. ನಿನ್ನ ಲೋಟಕ್ಕೂ ಹಾಕಿಕೋ ಎಂದ. ನಂಗೆ ಸಪ್ಪೆಯೇ ಇಷ್ಟ ಎಂದಳು. ಓಹೋ, ತನ್ನ ಪಾಲಿನದನ್ನು ಉಳಿಸಿ ಸಿಸ್ಟರಿಗೆ ಕೊಡುತ್ತಿದ್ದಾಳೆ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಒಂದು ತೊಟ್ಟು ನೀರನ್ನೂ ಬಿಡದವನ ಮನೆಯಲ್ಲೇ ಮೋಸ ನಡೆಯಿತೆಂದರೆ ನಾಳೆ ಯಾವ ಮುಖ ಇಟ್ಟುಕೊಂಡು ಕ್ಯಾನು ವಾಪಸ್ ಕಳಿಸುವುದು? ಇವಳಿಗೆ ಹೋದ ಲಸಿಕೆ ಯಾವ ಮುದುಕರ ಪಾಲಿನದೋ ಎಂದೂ ಅನಿಸಿತು. ರಾತ್ರಿ ಅವಳು ನಿದ್ದೆಯಲ್ಲಿ ಬಾಯಾರಿ ಎದ್ದು ನೀರು ಕುಡಿಯುವುದನ್ನು ಕೂಡ, ಇದೇನು ನಾಟಕ ಎಂದು ಅರೆಗಣ್ಣಲ್ಲಿ ನೋಡಿದ.

ಶುಕ್ರವಾರ ಅವಳು ಹೊರಟ ಸ್ವಲ್ಪ ಹೊತ್ತಿಗೆ ಅವನೂ ಹೊರಟ. ಆರೋಗ್ಯ ಕೇಂದ್ರದ ಉದ್ದನೆಯ ಹಜಾರದಲ್ಲಿ ನೆಲದ ಮೇಲೆ ಸುಣ್ಣದ ಸುತ್ತುಗಳನ್ನು ಬರೆದು, ಒಂದೊಂದರಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದ್ದರು. ಇವತ್ತಿಗೆ ಇರುವುದು ಸ್ವಲ್ಪವೇ ಬಾಟಲಿ, ಮುಂದಿನದು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಸಿಸ್ಟರ್ ಮೊದಲೇ ಹೇಳಿಬಿಟ್ಟಿದ್ದಳು. ಮೀಟರ್ ಬಾಗಿಲ ಬಳಿಯ ಕಂಬಕ್ಕೆ ಒರಗಿ ನಿಂತ. ಮಾಸ್ಕ್ ಮೊದಲ ಸಲ ಅವನ ಉಪಯೋಗಕ್ಕೆ ಬಂತು.

ಅವಳ ಸರದಿ ಬಂತು. ಕುರ್ಚಿಯಲ್ಲಿ ಕೂತು ತೋಳು ಮೇಲೆ ಸರಿಸಿಕೊಂಡಳು. ಅವನು ಸುತ್ತುಗಳನ್ನೆಲ್ಲ ತುಳಿದುಕೊಂಡು ಮುಂದೆ ಹೋದ.

“ನಿಲ್ಲಿಸಿ. ಇವಳು ನನ್ನ ಹೆಂಡತಿ. ಅರವತ್ತೂ ಆಗಿಲ್ಲ, ಯಾವ ಕಾಯಿಲೆಯೂ ಇಲ್ಲ. ಇವಳಿಗೆ ಹಾಕಬೇಡಿ.”

ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದು ಒಂದು ದಿನ ಆಗುವುದೇ ಇತ್ತು ಎಂಬಂಥ ಸುಸ್ತು ಇತ್ತು. ಸಿಸ್ಟರ್, ಅಣ್ಣಾ ಆ ಕಡೆ ಬನ್ನಿ ಎಂದು ಏನೋ ಹೇಳಹೊರಟಳು. ಅವನು ಕೇಳಲಿಲ್ಲ. ಹೆಂಡತಿಯ ಚೀಲ ಕಸಿದು ಮೇಜಿನ ಮೇಲೆ ಸುರಿದ. ಬೀಗದ ಕೈ, ಕರವಸ್ತ್ರ, ಮಾತ್ರೆಯ ಹಾಳೆಗಳು ಬಿದ್ದವು, ಕೊನೆಗೆ ಮಡಚಿದ ಒಂದು ಪುಟ್ಟ ಕಾಗದದ ಪೊಟ್ಟಣ. ಬಿಚ್ಚಿದರೆ ಒಂದು ಚಮಚದಷ್ಟು ಸಕ್ಕರೆ.

“ನೋಡಿ, ಇದೇನು? ಮುನ್ನೂರು ಗ್ರಾಂ ಅಂದಿದ್ದನ್ನ ನನ್ನ ಕಿವಿಯಾರೆ ಕೇಳಿದ್ದೀನಿ. ಉಳಿದಿದ್ದೆಲ್ಲಿ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇನ್ನಾರೂ ನಗಲಿಲ್ಲವೆಂದು ಅವರೂ ಸುಮ್ಮನಾದರು. ಆ ಪೊಟ್ಟಣ ತಲೆ ಸುತ್ತಿದರೆ ಬಾಯಿಗೆ ಹಾಕಿಕೊಳ್ಳಲಿ ಎಂದು ತಾನೇ ಇಟ್ಟುಕೊಳ್ಳಲು ಹೇಳಿದ್ದು ಎಂದು ಸಿಸ್ಟರ್ ಹೇಳಿದಳು. ನೀರು ಬೆರೆಸುವ ಅತ್ತೆಯ ಸೊಸೆ ಅಲ್ಲವೇ, ಹೇಳುತ್ತಾಳೆ ಎಂದುಕೊಂಡ ಅವನು. ಗಲಾಟೆ ಕೇಳಿ ಡಾಕ್ಟರಮ್ಮ ಒಳಗಿನಿಂದ ಬಂದರು. ಮನೆಯವರೇ ತಕರಾರು ತೆಗೆದ ಮೇಲೆ ನೋಡದೆ ಚುಚ್ಚುವ ಹಾಗಿಲ್ಲ, ಇವರನ್ನು ಈ ಕಡೆ ಕೂರಿಸಿ, ಸಾಲು ನಿಲ್ಲಿಸಬೇಡಿ ಎಂದರು.

ಅವಳು ಎದ್ದು ಪಕ್ಕದ ಬೆಂಚಿನಲ್ಲಿ ಕೂತು ಬೆರಳು ಮುಂದೆ ಚಾಚಿದಳು.

“ಮೀಟರ್ ಹಾಕಿ ನೋಡಿ ಡಾಕ್ಟ್ರೇ. ಇವರು ಬೇರೆ ಯಾವುದನ್ನೂ ನಂಬಲ್ಲ.”

ಡಾಕ್ಟರಮ್ಮ ಬೆರಳ ತುದಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಅಂಗೈಯಗಲದ ಯಂತ್ರಕ್ಕೆ ಮುಟ್ಟಿಸಿದರು. ಅಂಕಿ ಮೂಡಿದ ಮೇಲೆ ಅದನ್ನು ಅವನ ಕಡೆಗೇ ತಿರುಗಿಸಿ ಹಿಡಿದರು. ಅವನು ಅಭ್ಯಾಸಬಲದಿಂದ ಕುತ್ತಿಗೆ ಬಗ್ಗಿಸಿ ಓದಿದ. ಮುನ್ನೂರ ಮೂವತ್ತು. ಇಷ್ಟು ಸಕ್ಕರೆ ಇರುವವರಿಗೆ ಈ ಜ್ವರ ಬಂದರೆ ಉಳಿಸಿಕೊಳ್ಳುವುದು ಕಷ್ಟ, ಅದಕ್ಕೇ ಇಂಥವರಿಗೆ ಮೊದಲು ಕೊಡುತ್ತಿರುವುದು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಅವನ ಹುಬ್ಬು ಮೇಲೇರಲಿಲ್ಲ.

“ಹಾಕಿ ಹಾಗಾದ್ರೆ. ಬೇಗ ಹಾಕಿ,” ಎಂದ.

ಅಷ್ಟರಲ್ಲಿ ಸಾಲು ಮುಂದೆ ಹೋಗಿತ್ತು. ಸಿಸ್ಟರ್ ಕೊನೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಇವತ್ತಿನದು ಮುಗೀತು ಅಕ್ಕ ಎಂದಳು ಅವಳಿಗೆ. ಅವನ ಕಡೆ ನೋಡಲೂ ಇಲ್ಲ. ಬಾಟಲಿ ನಿಜವಾಗಿಯೂ ಖಾಲಿಯೇ ಎಂದು ಅವನು ಕೈ ಚಾಚಿ ತೆಗೆದುಕೊಂಡು ನೋಡಿದ. ಹನಿಯೂ ಇರಲಿಲ್ಲ.

ಮನೆಗೆ ಬಂದು ಅವಳು ಮುಖ ತೊಳೆದುಕೊಂಡು ಒಲೆಯ ಮೇಲೆ ನೀರಿಟ್ಟಳು. ಅವನು ಸಕ್ಕರೆ ಭರಣಿಯ ಮುಂದೆ ನಿಂತ. ಸಕ್ಕರೆ ಗೆರೆಯಿಂದ ಮೇಲೆ, ಎಷ್ಟೋ ಮೇಲೆ ಇತ್ತು. ಕಮ್ಮಿಯಾದರೆ ಹಿಡಿಯಬೇಕೆಂದು ಎಳೆದ ಗೆರೆ ಅದು. ಅವಳು ವರ್ಷಗಟ್ಟಲೆ ಒಂದು ಚಿಟಿಕೆಯನ್ನೂ ಬಾಯಿಗೆ ಹಾಕಿಕೊಳ್ಳದೆ ಉಳಿದದ್ದು ದಿನಾ ಅವನ ಕಣ್ಣೆದುರಿಗೇ ತುಂಬಿ ನಿಂತಿತ್ತು, ಅದನ್ನೇ ಅವನು ಡೈರಿಯಲ್ಲಿ ಹೊಗಳಿಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಬಾಯಿಂದ ಬಂದ ಮಾತು ಇದು:

“ಇನ್ನೂ ಏನೇನು ಬಚ್ಚಿಟ್ಟಿದ್ದೀಯ ನನ್ನಿಂದ?”

ಅವಳು ಟೀ ಸೋಸಿ ಲೋಟ ಅವನ ಮುಂದಿಟ್ಟಳು.

“ನೀವು ಯಾವತ್ತು ಕೇಳಿದ್ರಿ, ನಾನು ಬಚ್ಚಿಡೋಕೆ? ಹಿಡಿಯೋಕೆ ನೋಡ್ತಿದ್ರಿ ಅಷ್ಟೇ. ನನ್ನ ಮಾತ್ರೆ ಒಂದು ಸಲ ಕಸಕ್ಕೆ ಹಾಕಿದ್ರಿ, ಇನ್ನೊಂದು ಸಲ ನಿಮ್ಮ ಕೈಗೆ ಕೊಡೋಕೆ ನಂಗೆ ಧೈರ್ಯ ಆಗ್ಲಿಲ್ಲ.”

ಲಸಿಕೆ ಮತ್ತೆ ಬರುವುದು ತಡವಾಯಿತು. ಮೈಕಿನ ಆಟೋ ಬೀದಿಗೆ ಬರುವುದನ್ನೇ ಬಿಟ್ಟಿತು. ಎದುರು ಸಾಲಿನ ಮನೆಯೊಂದರಿಂದ ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಅವರು ತಿರುಗಿ ಬರಲಿಲ್ಲ. ಅಂದಿನಿಂದ ಮೀಟರನ ತಲೆಗೆ ಹೊಸ ಹುಳ ಹೊಕ್ಕಿತು. ಈ ಮನೆಗೆ ಯಾರ ಮೂಲಕ ಕಾಯಿಲೆ ಬರಬಹುದು ಎಂದು ಒಬ್ಬೊಬ್ಬರನ್ನೇ ಶಂಕಿಸುತ್ತ ಹೋದ. ಪಕ್ಕದ ಮನೆಯವರು ಬಾಗಿಲು ತೆಗೆದೇ ಇಲ್ಲ, ತರಕಾರಿಯವನು ಬರುತ್ತಿಲ್ಲ, ಅವಳು ಹೊಸಲು ದಾಟಿಲ್ಲ. ದಿನಾ ಬೆಳಿಗ್ಗೆ ಡೈರಿಯಲ್ಲಿ ಊರವರ ಉಸಿರಿನ ನಡುವೆ ನಿಂತು ಮನೆಗೆ ಬರುವವನು ಒಬ್ಬನೇ ಒಬ್ಬ. ಇಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದವನಿಗೆ ಆ ಒಬ್ಬನ ಮೇಲೆ ಮಾತ್ರ ಯಾವತ್ತೂ ಗುಮಾನಿ ಬಂದಿರಲಿಲ್ಲ.

ಅವತ್ತೇ ಅವನು ಚಾಪೆ ದಿಂಬು ಎತ್ತಿಕೊಂಡು ಹೊರಗಿನ ಜಗುಲಿಗೆ ಹೋದ. ಅವಳು ತಟ್ಟೆಯನ್ನು ಹೊಸಲಿನ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಉಂಡು ಕೈ ತೊಳೆದ ಮೇಲೆ ಅವನು ಮುಚ್ಚಿದ ಬಾಗಿಲ ಹತ್ತಿರ ಬಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪ್ರಶ್ನೆ ಕೇಳಿ ಅಭ್ಯಾಸವಿಲ್ಲದ್ದರಿಂದ ಮೊದಮೊದಲು ಅವನ ಮಾತು ಗದರಿದ ಹಾಗೆ ಕೇಳಿಸುತ್ತಿತ್ತು.

“ಹೇಗಿದ್ದೀಯ?”

“ಚೆನ್ನಾಗಿದ್ದೀನಿ.”

ಅದು ನಿಜವೇ, ತನ್ನನ್ನು ಸಮಾಧಾನ ಮಾಡಲು ಹೇಳಿದ್ದೇ, ಅವನಿಗೆ ತಿಳಿಯುತ್ತಿರಲಿಲ್ಲ. ಬಾಗಿಲಿಗೆ ಕಿವಿಯಿಟ್ಟು ಅವಳು ಕೆಮ್ಮುತ್ತಾಳೇನೋ ಎಂದು ಕೇಳುತ್ತಿದ್ದ. ಆಟೋ ಮತ್ತೆ ಬಂದು, ಅವಳನ್ನು ತಾನೇ ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದಿನ ಸುತ್ತಿನಲ್ಲಿ ನಿಲ್ಲಿಸುವವರೆಗೆ ಅವನು ಹೊಸಲು ದಾಟಿ ಒಳಗೆ ಬರಲಿಲ್ಲ. ಅಷ್ಟು ದಿನವೂ ಅವಳು ಚೆನ್ನಾಗಿದ್ದೀನಿ ಅಂದಳು, ಅವನು ನಂಬಿದ, ನಂಬದೆ ಬೇರೆ ದಾರಿಯೇ ಇರಲಿಲ್ಲ.