ಅಂಜನಾ ಕಾಶೀರಾಮಳ ಪ್ರಬಂಧ

ಡಾಕ್ಟರ್ ಭಾಗೀರಥಿ ಏಕನಾಥ ತೀರಿಕೊಂಡ ವಾರ, ಬೀದರಿನ ಕಾಲೇಜೊಂದರ ಗ್ರಂಥಪಾಲಕಿ ಬದರುನ್ನಿಸಾ ಕಂಪ್ಯೂಟರಿನಲ್ಲಿ ಗೆಳತಿಯ ಹೆಸರು ಹುಡುಕಿದಳು. ಎರಡು ಪ್ರಬಂಧ, ಬೇರೆ ಸಂಶೋಧಕರಿಂದ ಹನ್ನೊಂದು ಉಲ್ಲೇಖ. ಆಮೇಲೆ ಅಂಜನಾ ಕಾಶೀರಾಮ ಎಂದು ಹುಡುಕಿದಳು. ಒಂದೇ ಪ್ರಬಂಧ, ನಾಲ್ಕುನೂರಾ ಹನ್ನೆರಡು ಉಲ್ಲೇಖ. ಎರಡೂ ಹೆಸರು ಒಬ್ಬಳದೇ ಎಂಬುದು ಲೋಕಕ್ಕೆ ಗೊತ್ತಿರಲಿಲ್ಲ.

ಅಂಜನಾ ಮೈಲೂರದ ಕಂಪೌಂಡರ್ ಕಾಶೀರಾಮರ ಮಗಳು, ಬದರುನ್ನಿಸಾಳ ಜೊತೆ ಒಂದೇ ಸಾಲಿಯಲ್ಲಿ ಓದಿದ ಗೆಳತಿ. ಎಂಬತ್ತಾರರ ಬರಗಾಲದಲ್ಲಿ ಔರಾದ ಕಡೆಯ ಗಂಡಸರು ಮುಂಬಯಿ, ಹೈದರಾಬಾದ ಸೇರಿದಾಗ ಅವಳು ಮನೋವೈದ್ಯಶಾಸ್ತ್ರ ಓದುತ್ತಿದ್ದಳು. ಪ್ರಶ್ನೆಗಳ ಹಾಳೆ ಹಿಡಿದು ಕೆರೆ ತೋಡುವ ಬರಗಾಲದ ಕಾಮಗಾರಿಗೆ ಹೋದಳು. ಗಂಡ ದೂರ ಹೋದ ನೂರಾ ಹನ್ನೆರಡು ಹೆಂಗಸರನ್ನು ಕೇಳಿದಳು: ನಿದ್ದೆ ಬರುತ್ತದೆಯೇ, ಅಳು ಬರುತ್ತದೆಯೇ, ಸಾಯಬೇಕೆನಿಸುತ್ತದೆಯೇ? ಬಹುತೇಕ ಎಲ್ಲರೂ, "ಚಲೋ ಅದೀನ್ರಿ ಬಾಯಿ" ಅಂದರು. ಊರಲ್ಲೇ ಉಳಿದ ಹೆಂಗಸರು ಗಟ್ಟಿ ಮನಸ್ಸಿನವರು ಎಂದು ಪ್ರಬಂಧ ಬರೆದಳು. ಟೈಪ್ ಮಾಡಿದವಳು ಬದರುನ್ನಿಸಾ.

ಅದು ಅಚ್ಚಾದ ಮರುವರ್ಷ ಭಾಲ್ಕಿಯ ಏಕನಾಥ ಮಾಸ್ತರರ ಜೊತೆ ಮದುವೆ. ಆ ಮನೆಯ ಪದ್ಧತಿಯಂತೆ ಅವರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆದರು: ಭಾಗೀರಥಿ. ಶಿಸ್ತಿನ ಮನುಷ್ಯ. ಗೆಜೆಟ್ಟಿನಲ್ಲಿ ಹಾಕಿಸಿ, ಡಿಗ್ರಿಯಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ ಎಲ್ಲ ಬದಲಿಸಿದರು. ಅಚ್ಚಾದ ಪ್ರಬಂಧ ಮಾತ್ರ ಹಾಗೇ ಉಳಿಯಿತು.

ಎಂಬತ್ತಾರರ ಬರದ ಇಪ್ಪತ್ತೊಂಬತ್ತು ವರ್ಷಗಳ ನಂತರ ಮತ್ತೊಂದು ಬರ. ಔರಾದ ತಾಲೂಕಿನ ಪುತಳಾಬಾಯಿ, ಮಾತು ಬಿಟ್ಟ ಸೊಸೆಯನ್ನು ಕರೆದುಕೊಂಡು ಬೀದರಿನ ಆಸ್ಪತ್ರೆಗೆ ಬಂದಳು. ಡಾಕ್ಟರಮ್ಮ ಭಾಗೀರಥಿಯ ಮುಖ ನೋಡಿದವಳೇ ನಕ್ಕಳು.

"ನೀವು ಕೆರಿ ಕೆಲಸದ ಕಡಿ ಬಂದಿದ್ದ ಅಂಜನಾಬಾಯಿ ಅಲ್ಲೇನ್ರಿ? ಅವತ್ತ ನಿಮಗ ಎಲ್ಲಾರೂ ಸುಳ್ಳ ಹೇಳಿದೆವ್ರಿ."

"ಯಾಕವ್ವಾ?"

"ಮೇಸ್ತ್ರಿ ಹಾಜರಿ ಪಟ್ಟಿ ಹಿಡದು ಬಾಜೂಕೇ ನಿಂತಿದ್ದ. ನಿದ್ದಿ ಇಲ್ಲ, ತಲಿ ಕೆಟ್ಟದ ಅಂದ್ರ ಹೆಸರ ಹೊಡದು ಮನಿಗಿ ಕಳಸ್ತಿದ್ದ. ದಿನಾ ಹಾರಬೇಕಂತ ಬಾವಿ ದಂಡಿತನಾ ಹೋಗಿ ತಿರುಗಿ ಬರ್ತಿದ್ದೆವ್ರಿ."

ಅಂದು ಮಧ್ಯಾಹ್ನವೇ ಭಾಗೀರಥಿ ಗ್ರಂಥಾಲಯಕ್ಕೆ ಬಂದಳು. "ಬದ್ರು, ಆ ಪ್ರಬಂಧ ತಗಸಬೇಕು."

"ಹುಚ್ಚಿ, ಅದೊಂದೇ ನಿನ್ನ ಆಸ್ತಿ."

"ಮಂದಿ ಅದನ್ನ ತೋರಸಿ ಆ ಹೆಣ್ಮಕ್ಕಳಿಗಿ ದವಾಖಾನಿ ಬ್ಯಾಡ ಅಂತಾರ."

ನಿಜ. ಔರಾದಿನಲ್ಲಿ ವಾರಕ್ಕೊಮ್ಮೆ ಮನೋರೋಗ ತಪಾಸಣೆ ನಡೆಸಬೇಕೆಂಬ ಅವಳ ಅರ್ಜಿಯನ್ನು ಸಮಿತಿಯೊಂದು ತಳ್ಳಿಹಾಕಿತ್ತು. ಅಗತ್ಯವಿಲ್ಲ ಎಂಬುದಕ್ಕೆ ಆಧಾರ: ಅಂಜನಾ ಕಾಶೀರಾಮ.

ಪ್ರಬಂಧ ಅಚ್ಚುಹಾಕಿದ್ದ ವೈದ್ಯಕೀಯ ಪತ್ರಿಕೆಗೆ ತನ್ನ ಈಗಿನ ಹೆಸರಿನಲ್ಲೇ ಬರೆದಳು. ಉತ್ತರ ಬಂತು: ನೀವು ಅಂಜನಾ ಕಾಶೀರಾಮರ ಕೆಲಸವನ್ನು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ಪ್ರಬಂಧ ಹಿಂತೆಗೆಯಲು ಲೇಖಕಿಯೇ ಕೇಳಬೇಕು. ಅವರ ವಿಳಾಸ ನಮ್ಮಲ್ಲಿಲ್ಲ.

"ನನ್ನ ಬಲ್ಲಿ ಅದ," ಬದರುನ್ನಿಸಾ ಅಂದಳು. "ಭಾಲ್ಕಿದಾಗ ಒಬ್ಬ ಮಾಸ್ತರನ ಹೆಂಡ್ತಿ. ಭಾಳ ಜಗಳಗಂಟಿ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ಕೂಡಿ ನಕ್ಕದ್ದು ಅದೇ ಕೊನೆ.

ಏಕನಾಥ ಮಾಸ್ತರರು ಗೆಜೆಟ್ ಹುಡುಕಿ ಕಳಿಸಿದರು. ಪತ್ರಿಕೆ ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿತ್ತು. ಪತ್ರಗಳು ಎರಡು ವರ್ಷ ಅಲೆದವು. ಭಾಗೀರಥಿ ಸುಮ್ಮನೆ ಕೂಡಲಿಲ್ಲ. ಪ್ರತಿ ಗುರುವಾರ ರಜೆ ಹಾಕಿ, ಬಸ್ಸಿನಲ್ಲಿ ಔರಾದಿಗೆ ಹೋಗಿ ಸಾಲಿಯ ಕಟ್ಟೆಯ ಮೇಲೆ ಕೂತಳು. ಬಂದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ, ಹತ್ತಿರ ಯಾರೂ ಇಲ್ಲದಂತೆ ಕೇಳಿದಳು. ಅಷ್ಟರಲ್ಲಿ ಅವಳದೇ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು.

ಕೊನೆಗೆ ಪತ್ರಿಕೆಯವರು ಒಪ್ಪಿದರು. ಅಚ್ಚಾದ ಹೆಸರಿನಲ್ಲೇ ಸಹಿ ಬೇಕೆಂದು ಅರ್ಜಿಯ ನಮೂನೆ ಕಳಿಸಿದರು. ಬದರುನ್ನಿಸಾ ಅದನ್ನು ಆಸ್ಪತ್ರೆಯ ಹಾಸಿಗೆಗೆ ಒಯ್ದಳು. ಪೆನ್ನು ಹಿಡಿದ ಬೆರಳು ಅಭ್ಯಾಸಬಲದಿಂದ ಭಾಗೀರಥಿ ಎಂದೇ ಬರೆಯಿತು. ಅದನ್ನು ಹೊಡೆದು ಅಂಜನಾ ಎಂದು ಬರೆಯುವಷ್ಟರಲ್ಲಿ ಕೈ ಸೋತಿತು. "ಉಳಿದದ್ದು ನಾಳಿ ಬರೀತೇನಿ, ಬದ್ರು." ಆ ನಾಳೆ ಬೆಳಗಾಗುವ ಮೊದಲೇ ಮುಗಿದುಹೋಯಿತು. ಅರ್ಧ ಸಹಿ ನಡೆಯುವುದಿಲ್ಲ ಎಂದು ಪತ್ರಿಕೆಯವರು ಸಂತಾಪದ ಜೊತೆಗೆ ತಿಳಿಸಿದರು.

"ಹಳೇ ಹೆಸರ ಇರ್ಲಿ ಅಂತ ಒಮ್ಮಿ ಅಂದಿದ್ಲರಿ," ಮಾಸ್ತರರು ಹೇಳಿದರು. "ನಾ ನಕ್ಕಬಿಟ್ಟೆ." ಬದರುನ್ನಿಸಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಡಾಕ್ಟರು ಇನ್ನು ಬರುವುದಿಲ್ಲ ಎಂದು ಹೇಳಲು ಗುರುವಾರ ಅವಳೇ ಔರಾದಿಗೆ ಹೋದಳು. ಕಟ್ಟೆಯ ಮೇಲೆ ಪುತಳಾಬಾಯಿ ಮತ್ತು ಐದಾರು ಹೆಂಗಸರು ಕೂತಿದ್ದರು. ಸುದ್ದಿ ಕೇಳಿ ಯಾರೂ ಏಳಲಿಲ್ಲ. ಪುತಳಾಬಾಯಿ ಬದರುನ್ನಿಸಾಳ ಹತ್ತಿರ ಸರಿದಳು.

"ನೀವರೆ ಕೇಳ್ರಿ ಬಾಯಿ. ನಿದ್ದಿ ಬರ್ತದೇನು ಅಂತ ಕೇಳ್ರಿ."

ಬದರುನ್ನಿಸಾ ಕೇಳಿದಳು.

"ಇಲ್ರಿ," ಅಂದಳು ಪುತಳಾಬಾಯಿ. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಅದನ್ನೇ ಅಂದರು. ಬದರುನ್ನಿಸಾ ಡಾಕ್ಟರಲ್ಲ. ಆ ಮಾತಿಗೆ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ.