ಬೆಳಗಿನ ಐದಕ್ಕೆ ಫೋನೆತ್ತಿದವಳು

ನನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಯುವವರು ಕೊನೆತನಕ ಕಾಯುವುದು ಬೇಡ. ಹೈಸ್ಕೂಲು ಮಾಸ್ತರನಾದ ಮೊದಲ ವರ್ಷ, ಮನೆ ಭೇಟಿಯ ವಹಿಯಲ್ಲಿ ಹನ್ನೊಂದು ಮಕ್ಕಳ ಮನೆಗೂ ಹೋಗಿಬಂದೆ ಎಂದು ಬರೆದು ಸಹಿ ಹಾಕಿದೆ. ಹೋಗಿದ್ದು ಹತ್ತು ಮನೆಗೆ. ಹನ್ನೊಂದನೆಯ ಹೆಸರಿನ ಮುಂದೆ ‘ಪಾಲಕರಿಗೆ ಖುದ್ದಾಗಿ ತಿಳಿವಳಿಕೆ ನೀಡಲಾಯಿತು’ ಎಂದು ದುಂಡಗೆ ಬರೆದಿದ್ದೆ. ಆ ಅಕ್ಷರ ನೋಡಿ ಹೆಡ್ ಸರ್ ನನ್ನನ್ನು ಹೊಗಳಿದ್ದರು ಕೂಡ.

ಮುಂದೆ ಹೇಳಲಿರುವಂಥ ವಿಚಿತ್ರಗಳನ್ನು ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ? ಕೊಪ್ಪಳದ ಹಾಸ್ಟೆಲಿನಲ್ಲಿ ದೆವ್ವದ ದನಿ ತೆಗೆಯುತ್ತಿದ್ದವನೇ ನಾನು. ಬಿ.ಇಡಿ. ಓದುವ ಇಬ್ಬರು ಗಟ್ಟಿ ಗಂಡಸರಿಗೆ ಜ್ವರ ಬರಿಸಿದ ಕೀರ್ತಿ ನನ್ನದು. ಬಸ್ ಕಂಡಕ್ಟರ್, ಮಠದ ಸ್ವಾಮಿಗಳು, ನಮ್ಮಪ್ಪ, ಯಾರೇ ಇರಲಿ, ಎರಡು ಸಲ ಕೇಳಿದರೆ ಸಾಕು, ದನಿ ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. ನನ್ನದೇ ದನಿ ಮಾತ್ರ ಒಡೆದ ಪೀಪಿಯ ಹಾಗೆ. ಹುಡುಗರು ಅದಕ್ಕೆ ಹೆದರುತ್ತಿರಲಿಲ್ಲ, ನನಗೂ ಅದರ ಮೇಲೆ ಗೌರವವಿರಲಿಲ್ಲ.

ಕೆಲಸ ಸಿಕ್ಕಿದ್ದು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ. ನಾನು ಭತ್ತದ ಸೀಮೆ ಗಂಗಾವತಿಯ ಕಾಲುವೆ ನೀರು ಕುಡಿದು ಬೆಳೆದವನು. ಮಾತಿನ ಮಧ್ಯೆ ತೆಲುಗು ನುಸುಳಿದರೆ ಹುಡುಗರು ‘ಭತ್ತದ ಸರ್’ ಅಂತ ನಗುತ್ತಿದ್ದರು. ಮೊದಲ ದಿನ ಯಾರೋ ‘ಸರ್’ ಎಂದು ಕೂಗಿದಾಗ ನಾನು ಹಿಂತಿರುಗಿ ನೋಡಿದ್ದೆ, ಯಾವ ಸರ್ ಬಂದರು ಅಂತ. ಗಣಿತ ನನ್ನ ವಿಷಯ. ತ್ರಿಭುಜ ಯಾರಿಗೂ ಬೇಡವಾದಾಗ ಹೆಡ್ ಸರ್ ದನಿಯಲ್ಲಿ ಪಾಠ ಮಾಡುತ್ತಿದ್ದೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತ ಲೆಕ್ಕ ಬಿಡಿಸುತ್ತಿತ್ತು. ಆ ವರ್ಷದ ಸುಖ ಅಂದರೆ ಅಷ್ಟೇ, ಮತ್ತೆ ಹುಡುಕಿದರೂ ಸಿಗುವುದಿಲ್ಲ.

ಹತ್ತನೇ ತರಗತಿಯ ಮಕ್ಕಳನ್ನು ಮಾಸ್ತರರಿಗೆ ಹಂಚಿಕೊಡುವುದು ನಿಮಗೆ ಗೊತ್ತಿರಬಹುದು. ಅದಕ್ಕೆ ದತ್ತು ಎನ್ನುತ್ತಾರೆ. ಮದುವೆಗೆ ಮೊದಲೇ ನಾನು ಹನ್ನೊಂದು ಮಕ್ಕಳ ತಂದೆಯಾದೆ. ದಿನಾ ಬೆಳಿಗ್ಗೆ ಐದಕ್ಕೆ ಅವರಿಗೆಲ್ಲ ಫೋನ್ ಮಾಡಿ ಎಬ್ಬಿಸಿ ಓದಲು ಕೂಡಿಸಬೇಕು, ಒಮ್ಮೆ ಎಲ್ಲರ ಮನೆಗೂ ಹೋಗಿ ಬರಬೇಕು. ದಸರಾ ಮುಗಿದ ಮೇಲೆ ಶುರುವಾಯಿತು. ಹತ್ತು ಮಕ್ಕಳು ‘ಹೂಂ ಸರ’ ಅಂದು ಮತ್ತೆ ಮಲಗುತ್ತಿದ್ದರು. ಕೆಲವರ ಅಪ್ಪಂದಿರು ನನ್ನನ್ನೇ ಬೈದು ಎಬ್ಬಿಸುತ್ತಿದ್ದರು. ಹನ್ನೊಂದನೆಯವಳು ಹುಲಿಗೆಮ್ಮ.

ಅವಳು ಮಾತ್ರ ಮೊದಲನೇ ರಿಂಗಿಗೇ ಎತ್ತುತ್ತಿದ್ದಳು. ನಾನು ಹೆಡ್ ಸರ್ ಹಾಗೆ ಗಂಟಲು ಕೆರೆದು, “ಏನವಾ, ಎದ್ದೀಯೋ, ಎದ್ದಾಂಗ ಮಾಡಾಕತ್ತೀಯೋ?” ಅಂದರೆ ಆ ಕಡೆಯಿಂದ ಕಿಲಕಿಲ ನಗು. “ಹೆಡ್ ಸರ್ ಇಷ್ಟು ಲಗೂನ ಏಳಂಗಿಲ್ರಿ ಸರ, ನೀವೇ ಅದೀರಿ!” ಆಮೇಲೆ ಪೈಥಾಗೋರಸನ ಪ್ರಮೇಯವನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ನಿಜ ಹೇಳಲೇ? ಬೆಳಗಿನ ಐದು ಗಂಟೆಯ ಚಳಿಯಲ್ಲಿ ನನ್ನ ಅಣಕಕ್ಕೆ ನಗುವವಳು ಅವಳೊಬ್ಬಳೇ ಇದ್ದಳು. ಹಾಗಾಗಿ ಅವಳ ಫೋನನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ, ಹೋಳಿಗೆಯನ್ನು ಕೊನೆಗೆ ತಿನ್ನುವವರ ಹಾಗೆ.

ದೀಪಾವಳಿ ಆದಮೇಲೆ ಅವಳು ಶಾಲೆಗೆ ಬರುವುದು ನಿಂತಿತು. ಆ ದಿನಗಳಲ್ಲಿ ಅರ್ಧ ಬೆಂಚುಗಳು ಹೇಗೂ ಖಾಲಿಯಿರುತ್ತವೆ. ಯಾರೋ ಹೊಲಕ್ಕೆ, ಯಾರೋ ಬೀಜದ ಕೆಲಸಕ್ಕೆ. ಫೋನಿನಲ್ಲಿ ಕೇಳಿದೆ. “ಮನ್ಯಾಗ ಓದಾಕತ್ತೀನ್ರಿ ಸರ. ನೀವು ಬಂದು ಕರಕೊಂಡು ಹೋಗ್ರಿ” ಅಂದಳು. “ಹೆಡ್ ಸರ್ ಬರ್ತಾರ, ತಡಿ” ಅಂತ ಅವರ ದನಿಯಲ್ಲೇ ಹೇಳಿದೆ. ನಕ್ಕಳು. ಅವಳ ಮನೆ ಬಸ್ ನಿಲ್ಲುವ ಕಡೆಯಿಂದ ದೂರ, ಎರೆಹೊಲದ ದಾರಿ; ಹೋದರೆ ಇಡೀ ಭಾನುವಾರ ಹಾಳು. ಇಷ್ಟು ಛಲೋ ಓದುವ ಹುಡುಗಿಯ ಮನೆಗೆ ಯಾಕೆ ಹೋಗಬೇಕು ಎಂದುಕೊಂಡೆ. ಆ ವಾರವೇ ವಹಿಯಲ್ಲಿ ಆ ದುಂಡನೆಯ ಸಾಲು ಬರೆದದ್ದು.

ಸಂಕ್ರಾಂತಿ ಕಳೆದ ಮೇಲೆ ಒಂದು ಶುಕ್ರವಾರ ಹೆಡ್ ಸರ್ ಹಾಜರಿ ಕಡಿಮೆ ಬಿದ್ದವರ ಪಟ್ಟಿ ಮುಂದೆ ಹಿಡಿದರು. “ನಿಮ್ಮ ಹುಲಿಗೆಮ್ಮನ ಹೆಸರು ಐತಿ ನೋಡ್ರಿ. ಸೋಮವಾರ ಪಟ್ಟಿ ಹೋಗತೈತಿ. ಅಷ್ಟರಾಗ ಬಂದು ಕುಂತ್ರ ಏನರ ಮಾಡೋಣು. ಇಲ್ಲಾಂದ್ರ ಈ ವರ್ಷ ಪರೀಕ್ಷೆ ಇಲ್ಲ.” ಅಂದೇ ಬೆಳಿಗ್ಗೆ ನಾನು ಅವಳ ಜೊತೆ ಐದು ನಿಮಿಷ ಮಾತಾಡಿದ್ದೆ. ನಗುತ್ತಲೇ ಅವಳ ಮನೆಗೆ ಹೊರಟೆ.

ಮನೆಯಲ್ಲಿ ಅವಳ ತಾಯಿ ಇದ್ದರು. ನಾನು ಯಾರೆಂದು ಹೇಳಿದ ಕೂಡಲೇ ಸೆರಗು ಸರಿ ಮಾಡಿಕೊಂಡು, ಒಳಗೆ ಕರೆಯದೆ ಬಾಗಿಲಲ್ಲೇ ನಿಂತರು. “ಈಗ ಬಂದ್ರೇನ್ರಿ ಸರ? ಹುಡುಗಿ ಕುಷ್ಟಗಿ ಕಡೆ ಹೂವಿನ ಕೆಲಸಕ್ಕ ಹೋಗ್ಯಾಳ. ದೀಪಾವಳಿ ಆಗಿ ಎಂಟು ದಿನಕ್ಕ ಅವರಪ್ಪ ಬಿಟ್ಟು ಬಂದಾನ.”

“ಇಲ್ಲವ್ವಾ, ಇವತ್ತು ಮುಂಜಾನೆ ನಿಮ್ಮ ಫೋನಿಗೇ...” ಎಂದೆ.

“ನಮ್ಮ ಫೋನ್ ಎಲ್ಲೈತ್ರಿ?” ಅವರು ಒಳಗೆ ಹೋಗಿ ಗೋಡೆಯ ಗೂಡಿನೊಳಗಿಂದ ಒಂದು ಸಣ್ಣ ಬಟನ್ ಫೋನು ತಂದು ನನ್ನ ಕೈಗಿಟ್ಟರು. ದೀಪಾವಳಿಗೆ ಮೊದಲೇ ನೀರಿನ ಕೊಡದಲ್ಲಿ ಬಿದ್ದದ್ದಂತೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಕೂಡುತ್ತಿರಲಿಲ್ಲ. ಸಿಮ್ ಅದರಲ್ಲೇ ಇತ್ತು. ಅಂಗಳದಲ್ಲಿ ನಿಂತು ನಾನು ಅದೇ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್ ಎಂದು ಬಂತು. ನನ್ನ ಫೋನಿನಲ್ಲಿ ಮಾತ್ರ ಅಂದಿನ ಬೆಳಗಿನ ತನಕ ದಿನಕ್ಕೊಂದು ಕರೆ ಸಾಲಾಗಿ ಇದ್ದವು. ನಾಲ್ಕು ನಿಮಿಷ, ಐದು ನಿಮಿಷ. ತಾಯಿಗೆ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು.

“ನೀವು ಯಾರ ಕೂಡ ಮಾತಾಡೀರಿ ನನಗೊತ್ತಿಲ್ರಿ. ಹುಡುಗಿ ಮಾತ್ರ ಹೋಗಂಗಿಲ್ಲ ಅಂತ ಎಂಟು ದಿನ ಹಟ ಹಿಡದ್ಲು. ಸಾಲಿಯಿಂದ ಸರ್ ಮನಿಗೆ ಬರ್ತಾರಂತ, ಬಂದು ಅಪ್ಪಗ ಹೇಳ್ತಾರ ಅಂದ್ಲು. ದಿನಾ ಬಾಗಲಕ್ಕ ಕುಂದರತಿದ್ಲು.”

ಆ ಎಂಟು ದಿನಗಳಲ್ಲಿ ಒಂದು ಭಾನುವಾರವಿತ್ತು. ಅಂದು ನಾನು ಯಲಬುರ್ಗಾದ ರೂಮಿನಲ್ಲಿ ಮಧ್ಯಾಹ್ನದ ತನಕ ಮಲಗಿದ್ದೆ.

ಮರುದಿನದಿಂದ ಆ ನಂಬರ್ ಹತ್ತಲೇ ಇಲ್ಲ. ಈಗಲೂ ನನಗೆ ಇದರ ತಲೆಬುಡ ತಿಳಿದಿಲ್ಲ. ಬೇರೆ ಹುಡುಗಿಯರು ಯಾರಾದರೂ ಆಟ ಆಡಿದರೇ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಫೋನ್ ಅಂಗಡಿಯವನಿಗೆ ತೋರಿಸಿದೆ. ಅವನು ಕರೆಗಳ ಸಾಲನ್ನು ಮೇಲಿಂದ ಕೆಳಗೆ ನೋಡಿ, ಆ ನಂಬರಿಗೇ ಹೋಗಿವೆ ಅಂದ. ನಂಬರ್ ಸರಿ, ದನಿ ಅವಳದೇ, ಪ್ರಮೇಯವೂ ಸರಿ. ಹುಡುಗಿ ಬದುಕಿದ್ದಾಳೆ, ಆರೋಗ್ಯವಾಗಿದ್ದಾಳೆ, ಆದ್ದರಿಂದ ದೆವ್ವವೆಂದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಪಿ.ಇ. ಮಾಸ್ತರ್ ಮೆಹಬೂಬ್ ಸರ್ ಚಹಾದ ಲೋಟ ಕೆಳಗಿಟ್ಟು ನಕ್ಕರು. “ನೀವೇ ಫೋನ್ ಹಚ್ಚಿ ನೀವೇ ಮಾತಾಡೀರಿ, ಬಿಡ್ರಿ. ನಿಮಗ ಹುಡುಗ್ಯಾರ ದನಿನೂ ಬರತೈತಲ್ಲ?” ಎಲ್ಲರೂ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದು ಕದ ಹಾಕಿಕೊಂಡು ಹುಲಿಗೆಮ್ಮನ ದನಿ ತೆಗೆಯಲು ನೋಡಿದೆ. ಬರಲಿಲ್ಲ. ನನಗೆ ಬಾರದ ದನಿ ಅದೊಂದೇ.

ಇದೆಲ್ಲ ಆಮೇಲಿನದು. ಅದಕ್ಕೂ ಮೊದಲು, ಅಂದರೆ ತಾಯಿಯನ್ನು ಕಂಡ ಮರುದಿನ ಶನಿವಾರವೇ, ನಾನು ಕುಷ್ಟಗಿ ಬಸ್ ಹತ್ತಿದ್ದೆ. ಸೋಮವಾರಕ್ಕೆ ಇನ್ನೂ ಒಂದು ದಿನವಿತ್ತು.

ರಸ್ತೆಯ ಬದಿಗೆ ಸಾಲಾಗಿ ಬಿಳಿ ಬಲೆಯ ಮನೆಗಳು, ಒಳಗೆ ಟೊಮೆಟೊ ಗಿಡ. ಹೂವಿನ ಕೆಲಸ ಅಂದರೆ ಇದೇ, ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಹೂವಿನ ಪುಡಿ ಮುಟ್ಟಿಸಿ ಬೀಜ ಮಾಡುವುದು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಒಲೆಯ ಮುಂದೆ ಕೂತ ಹಾಗೆ ಸೆಖೆ. ಹುಲಿಗೆಮ್ಮ ಒಂದು ಸಾಲಿನ ನಡುವೆ ನಿಂತಿದ್ದಳು, ಬೆರಳ ತುದಿಯೆಲ್ಲ ಹಳದಿ. ನನ್ನನ್ನು ಕಂಡು “ನಮಸ್ಕಾರ್ರಿ ಸರ” ಅಂದಳು, ಕೈ ನಿಲ್ಲಿಸಲಿಲ್ಲ. ಫೋನಿನಲ್ಲಿ ಕೇಳುತ್ತಿದ್ದ ದನಿಯೇ, ಒಂದಿಷ್ಟೂ ವ್ಯತ್ಯಾಸವಿಲ್ಲ.

ಮೊದಲು ಹೇಳಬೇಕಾದ್ದು ಸೋಮವಾರದ ಮಾತು. ಅವಳ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ, ತಪ್ಪಾಯಿತವ್ವ, ನಡಿ ಅನ್ನಬೇಕಿತ್ತು. ನಾನು ಶುರು ಮಾಡಿದ್ದು ಫೋನಿನ ಕಥೆಯಿಂದ. ಮಾತುಗಾರನ ಚಟ ನೋಡಿ! ಅಂಥ ವಿಚಿತ್ರ ಕೈಗೆ ಸಿಕ್ಕಮೇಲೆ ತಡೆದುಕೊಳ್ಳಲು ಆಗಲಿಲ್ಲ. ದಿನಾ ಐದಕ್ಕೆ ಎತ್ತುತ್ತಿದ್ದದ್ದು, ನಕ್ಕದ್ದು, ಬಂದು ಕರಕೊಂಡು ಹೋಗ್ರಿ ಅಂದದ್ದು, ಒಂದೂ ಬಿಡದೆ ಹೇಳಿದೆ. ಅಲ್ಲಲ್ಲಿ ಹೆಡ್ ಸರ್ ದನಿಯನ್ನೂ ತೆಗೆದೆ. ಪಕ್ಕದ ಸಾಲಿನ ಹೆಂಗಸರು ನಕ್ಕರು. ಅವಳು ನಗಲಿಲ್ಲ.

“ಇಲ್ಲಿ ಫೋನ್ ಮುಟ್ಟಾಕ ಬಿಡಂಗಿಲ್ರಿ ಸರ” ಅಂದಳು. ಇನ್ನೊಂದು ಹೂವಿಗೆ ಪುಡಿ ಮುಟ್ಟಿಸಿ ಕೇಳಿದಳು, “ಫೋನಿನಾಗಿನ ಅಕಿ ಪೈಥಾಗೋರಸ್ ಪೂರಾ ಹೇಳತಿದ್ಲೇನ್ರಿ?”

“ಹೂಂ, ಒಂದು ಅಕ್ಷರ ತಪ್ಪಿಲ್ಲ.”

“ದಿನಾ?”

“ದಿನಾ. ಅದಕ್ಕ ಅನ್ನಾಕತ್ತೀನವಾ, ಸೋಮವಾರ ನೀ ಬಂದು ಕುಂತ್ರ...”

ಅವಳು ಮುಂದಿನ ಗಿಡಕ್ಕೆ ಹೋದಳು. ಹೂವನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಕಡೆ ನೋಡದೆ ಹೇಳಿದಳು:

“ನಾ ಈ ಸಾಲು ಮುಗಸಬೇಕು, ತುಸು ಸರೀರಿ ಸರ. ಪರೀಕ್ಷೆ ಅಕಿ ಕೈಲೇ ಬರಸ್ರಿ.”