ನೋಡುವುದಕ್ಕೆಂದೇ ಕಟ್ಟಿದ ಮನೆ

ಮದುವೆಗೆ ಮುಂಚೆ ನಾನು ಮೂವರು ವರರ ಪಾದಗಳನ್ನು ಚೆನ್ನಾಗಿ ಬಲ್ಲವಳಾಗಿದ್ದೆ. ಒಬ್ಬನ ಹಿಮ್ಮಡಿ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಇನ್ನೊಬ್ಬನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಪಾಪ, ಎಲ್ಲಿ ಎಡವಿದ್ದನೋ. ಮೂರನೆಯವನ ಪಾದಗಳು ಅಂದವಾಗಿದ್ದವು, ಆದರೆ ಕೂತಷ್ಟು ಹೊತ್ತೂ ಬೆರಳು ಕುಣಿಸುತ್ತಿದ್ದ. ಅವರ ಮುಖ ಹೇಗಿತ್ತೆಂದು ಮಾತ್ರ ಕೇಳಬೇಡಿ. ಕನ್ಯೆ ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂರುವುದು ಬನಹಟ್ಟಿಯ ನೇಕಾರರ ಮನೆಯ ಹುಡುಗಿಗೆ ನೂಲು ಸುತ್ತುವುದಕ್ಕಿಂತ ಮೊದಲೇ ಕಲಿಸುತ್ತಿದ್ದ ವಿದ್ಯೆ. ಅವರು ನನ್ನನ್ನು ನೋಡಿ, ಅವಲಕ್ಕಿ ತಿಂದು ಹೋಗುತ್ತಿದ್ದರು. ನಾನು ಜಮಖಾನೆಯ ಗೆರೆಗಳನ್ನು ನೋಡಿ ಒಳಗೆ ಹೋಗುತ್ತಿದ್ದೆ. ಒಂದು ಸಂಬಂಧವೂ ಕೂಡಿಬರಲಿಲ್ಲ. ನನಗೆ ದುಃಖವೇನೂ ಆಗಲಿಲ್ಲವೆನ್ನಿ, ಮುಖವನ್ನೇ ಕಾಣದವರ ಮೇಲೆ ಸಿಟ್ಟಾದರೂ ಹೇಗೆ ಬಂದೀತು? ಆದರೆ ನಾಲ್ಕನೆಯ ಸಂಬಂಧದ ಮಾತು ಬಂದಾಗ ಮನಸ್ಸಿನಲ್ಲೇ ಹಟ ಹಿಡಿದೆ: ಈ ಸಲ ಮುಖ ನೋಡದೆ ಹೂಂ ಅನ್ನುವುದಿಲ್ಲ.

ನಮ್ಮೂರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ನಮ್ಮ ಸರಕಾರವೂ ಮುಂಬಯಿ, ನಮ್ಮ ಸೀರೆಗಳ ಪೇಟೆಯೂ ಮುಂಬಯಿ, ಹುಡುಗರು ಸಿಟ್ಟು ಮಾಡಿಕೊಂಡು ಓಡಿಹೋಗುವುದೂ ಮುಂಬಯಿಗೇ. ಈ ವರ ಓಡಿಹೋದವನಲ್ಲ. ರಬಕವಿಯ ಮೂಲದವನೇ, ಅಪ್ಪನ ಜೊತೆ ಅಲ್ಲಿಯ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವರಿಗೆ ರಜೆ ಸಿಗದು ಎಂದು ಅಪ್ಪನೂ ನಾನೂ ಕುಡಚಿಯಲ್ಲಿ ರೈಲು ಹತ್ತಿ, ತಲೆತುಂಬ ಇದ್ದಿಲ ಪುಡಿ ಹೊತ್ತು ಮುಂಬಯಿಯಲ್ಲಿ ಇಳಿದೆವು.

ಉಳಿದದ್ದು ಕಾಕಾನ ಚಾಳಿನಲ್ಲಿ. ಅಲ್ಲಿ ಇದ್ದದ್ದೇ ಒಂದು ಕೋಣೆ, ಅದರಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಹಗಲೆಲ್ಲ ಮಲಗಿರುತ್ತಿದ್ದರು. ಬೀಗರಾಗಬೇಕಾದವರ ಮನೆಯ ಕಥೆಯೂ ಅದೇ. ಕಾಕಾ ತಲೆ ಕೆರೆದುಕೊಂಡು ಒಂದು ಉಪಾಯ ಹೂಡಿದ. “ಅಣ್ಣಾ, ಹುಡುಗೀನ ಮ್ಯೂಜಿಯಂದಾಗ ತೋರಸೂಣು. ಹೆಂಗೂ ಅಲ್ಲೆ ಎಲ್ಲಾರೂ ನೋಡಾಕಂತನ ಬಂದಿರ್ತಾರ!”

ಟ್ರಾಮಿನುದ್ದಕ್ಕೂ ಕಾಕಿ ನನ್ನ ಕಿವಿ ಹಿಂಡುತ್ತಲೇ ಬಂದಳು. “ತೆಲಿ ಎತ್ತಿ ಅಂದ್ರ ನೋಡ ಮತ್ತ. ನೆಲಾ ನೋಡಕೋಂತ ನಡಿಬೇಕು.”

ಅಲ್ಲಾ, ನೀವೇ ಹೇಳಿ. ಗುಮ್ಮಟದ ಕೆಳಗೆ ಮೂರು ಅಂತಸ್ತು, ಗೋಡೆ ತುಂಬ ಚಿತ್ರ, ಮೂಲೆ ಮೂಲೆಗೆ ಮೂರ್ತಿ. ಅಂಥ ಅರಮನೆಯ ನಡುವೆ ನಿಲ್ಲಿಸಿ ‘ನೆಲ ನೋಡು’ ಎಂದರೆ, ಹೋಳಿಗೆಯ ತಾಟಿನ ಮುಂದೆ ಕೂರಿಸಿ ಇವತ್ತು ಏಕಾದಶಿ ಎಂದ ಹಾಗಲ್ಲವೇ? ನೆಲವನ್ನೇ ನೋಡಿದೆ. ನೆಲವೂ ಚಂದವಿತ್ತು. ಆದರೂ ಕಳ್ಳಗಣ್ಣಿನಲ್ಲಿ ಒಬ್ಬ ಕಲ್ಲಿನ ಹೆಣ್ಣುಮಗಳನ್ನು ಕಂಡೆ. ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ, ಬಂದವರನ್ನೆಲ್ಲ ನೆಟ್ಟಗೆ ನೋಡುತ್ತ ನಿಂತಿದ್ದಳು. ಎಷ್ಟೋ ನೂರು ವರ್ಷಗಳಿಂದ ಜನ ಅವಳನ್ನು ನೋಡುತ್ತಿದ್ದಾರೆ, ಅವಳೂ ಅವರನ್ನು ನೋಡುತ್ತಿದ್ದಾಳೆ; ಲೆಕ್ಕ ಸರಿಹೋಯಿತು. ನೋಡುವುದು ಎಂಬುದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಾಗಿರಬೇಕೆಂದು ನನಗೆ ಆಗಲೇ ಅನ್ನಿಸಿತು. ಆಕೆಗೆ ಬುದ್ಧಿ ಹೇಳುವ ಕಾಕಿ ಇರಲಿಲ್ಲ, ಪುಣ್ಯವಂತೆ.

ವರನೂ ಅವನ ತಂದೆತಾಯಿಯೂ ಮೆಟ್ಟಿಲ ಬಳಿ ಸಿಕ್ಕರು. ವರನ ತಾಯಿ ನನ್ನ ಮುಖಕ್ಕಿಂತ ಮೊದಲು ಸೆರಗು ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ನೇಕಾರರ ಕಣ್ಣು ಹೆಬ್ಬೆರಳಿನಲ್ಲಿರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮವರೇ ಕಟ್ಟಿದ್ದಿರಬೇಕು. “ಮನಿ ಮಗ್ಗದ್ದೇನ್ರಿ? ಛಲೋ ಐತಿ,” ಎಂದರು. ಸೀರೆ ಪಾಸಾಯಿತು, ಹುಡುಗಿಯ ಸರದಿ ಇನ್ನೂ ಬರಬೇಕಿತ್ತು.

ಬರುವ ಮುಂಚೆಯೇ ಆಪತ್ತೊಂದು ಎದುರಾಯಿತು. ಗೋಡೆಯ ಮೇಲೆ ಆಳೆತ್ತರದ ತೈಲಚಿತ್ರ. ಅದರಲ್ಲಿ ಯಾರೋ ಸಾಹುಕಾರರ ಹೆಣ್ಣುಮಗಳು ಉಟ್ಟಿದ್ದ ಸೀರೆಯ ಅಂಚು ದೀಪದ ಬೆಳಕಿಗೆ ನಿಜವಾಗಿಯೂ ಮಿನುಗುತ್ತಿತ್ತು. ವರನ ಅಪ್ಪ ನಿಂತುಬಿಟ್ಟರು, ನಮ್ಮಪ್ಪನೂ ನಿಂತ. ಒಬ್ಬರು ಜರಿಯೆಂದರು, ಇನ್ನೊಬ್ಬರು ಬರೀ ರೇಷ್ಮೆಯೆಂದರು. ಕಾಕಾ ಸೇರಿಕೊಂಡ, ಕಾಕಿಯೂ, ವರನ ತಾಯಿಯೂ ಸೇರಿಕೊಂಡರು. ಕೊನೆಗೆ ತಡೆಯಲಾರದೆ ವರನ ಅಪ್ಪ ಹೆಬ್ಬೆರಳು ಚಾಚಿದರು.

“ಹಾತ್ ಲಾವೂ ನಕಾ!” ಎಂದು ಕಾವಲುಗಾರ ಮರಾಠಿಯಲ್ಲಿ ಗುಡುಗಿದ.

“ಮುಟ್ಟಲಾರದ ಹೆಂಗ ತಿಳೀಬೇಕೋ ಮಾರಾಯಾ?” ಎಂದು ಅವರು ಕನ್ನಡದಲ್ಲಿ ವಾದಕ್ಕೆ ನಿಂತರು.

ಐದೂ ಜನ ಹಿರಿಯರು ಆ ಕಾವಲುಗಾರನನ್ನು ಸುತ್ತುವರಿದಾಗ ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ. ಅಲ್ಲೊಂದು ಗಾಜು ಮುಚ್ಚಿದ ಮೇಜು. ಒಳಗೆ ಅಂಗೈಯಗಲದ ಹಳೆಯ ಚಿತ್ರಗಳು. ಅವನ್ನು ನೋಡಬೇಕೆಂದರೆ ತಲೆ ತಗ್ಗಿಸಲೇಬೇಕು! ಕಾಕಿಯ ಆಣತಿಯೂ ಉಳಿಯಿತು, ಕಣ್ಣಿನ ಆಸೆಯೂ ತೀರಿತು ಎಂದು ಖುಷಿಯಾಗಿ ಬಗ್ಗಿದೆ. ಆಗ ಗಾಜಿನ ಮೇಲೆ ಇನ್ನೊಂದು ಮುಖ ತೇಲಿ ಬಂತು.

ಮೇಜಿನ ಆಚೆಗೆ ವರ ನಿಂತಿದ್ದ. ಅವನೂ ನನ್ನಷ್ಟೇ ತಲೆ ತಗ್ಗಿಸಿದ್ದ. ದಪ್ಪ ಮೂಗು, ಒಂದು ಕಿವಿ ಕೊಂಚ ಮುಂದೆ ಬಾಗಿತ್ತು, ಮೇಲ್ದುಟಿಯ ಮೇಲೆ ಬೆವರು. ಚಂದದ ಮುಖವೆಂದು ಹೇಳಿದರೆ ಸುಳ್ಳಾದೀತು. ಆದರೆ ಆ ಮುಖದಲ್ಲಿ ಹೆದರಿಕೆಯಿತ್ತು, ನನ್ನದೇ ಹೆದರಿಕೆ. ಇವನನ್ನೂ ಯಾರೋ ಹೀಗೇ ನಡೆಸಿಕೊಂಡು ತಂದು ನಿಲ್ಲಿಸಿದ್ದಾರಲ್ಲ ಎಂದು ನನಗೆ ಥಟ್ಟನೆ ಹೊಳೆಯಿತು. ಆವರೆಗೆ ವರ ಎಂದರೆ ನೋಡುವವನು ಎಂದೇ ತಿಳಿದಿದ್ದೆ. ಗಾಜಿನಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಕಂಡಿತು. ಅವನು ನಕ್ಕ. ನಾನೂ ನಕ್ಕೆ. ನಮ್ಮಿಬ್ಬರ ನಗುವಿನ ಕೆಳಗೆ ಯಾವ ರಾಜನ ಚಿತ್ರವಿತ್ತೋ, ಇವತ್ತಿಗೂ ನನಗೆ ತಿಳಿಯದು. ಅಷ್ಟು ದೂರದಿಂದ ಚಿತ್ರ ನೋಡಲು ಹೋಗಿ ಚಿತ್ರವನ್ನೇ ನೋಡದೆ ಬಂದವಳು ನಾನು, ಆದರೂ ನನ್ನಷ್ಟು ನೋಡಿದವರು ಆ ದಿನ ಅಲ್ಲಿ ಬೇರೆ ಯಾರಿದ್ದರು?

ಹೊರಗೆ ಮರದ ನೆರಳಿನಲ್ಲಿ ಎಲ್ಲರೂ ಕೂತಾಗ ವರನ ತಾಯಿ ಮಾತು ತೆಗೆದರು. “ನಮಗ ಹುಡುಗಿ ಪಸಂದ ಬಂದಾಳ್ರಿ.” ಅಪ್ಪನ ಮುಖ ಅರಳಿತು. ಕಾಕಿ ಸಕ್ಕರೆಯ ಪೊಟ್ಟಣಕ್ಕೆ ಕೈಹಾಕಿದಳು.

ಆಗ ವರ ಗಂಟಲು ಸರಿಮಾಡಿಕೊಂಡು, “ಆಕಿನ್ನೂ ಒಂದ ಮಾತ ಕೇಳ್ರಿ,” ಎಂದ.

ಹುಡುಗಿಯನ್ನು ಕೇಳುವ ಪದ್ಧತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಗೆ ಕೇಳಬೇಕೆಂದೇ ಅಪ್ಪನಿಗೆ ತಿಳಿಯಲಿಲ್ಲ. ಕೊನೆಗೆ ತಡವರಿಸುತ್ತ, “ಏನವಾ, ನೀ ಏನಂತಿ?” ಎಂದ.

ನಾನು ತಲೆಯೆತ್ತಿದೆ. ಗಾಜಿಲ್ಲದೆಯೇ ಆ ಮುಖವನ್ನು ನೋಡಿದೆ, ಸಾವಕಾಶವಾಗಿ, ಕಿವಿಯನ್ನೂ ಬಿಡದೆ.

“ನನಗೂ ಪಸಂದ ಬಂದಾರ.”

“ಅಯ್ಯ, ನೀ ಯಾವಾಗ ನೋಡಿದೆವಾ?” ಎಂದು ಕಾಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನೀವೆಲ್ಲಾರೂ ಸೀರಿ ನೋಡಾಕತ್ತಿದ್ದಿರಲ್ಲ ಕಾಕಿ,” ಎಂದೆ, “ನಾ ಇವರನ್ನ ನೋಡಾಕತ್ತಿದ್ದೆ.”